ಅಮೃತಬಳ್ಳಿಯೋ, ತೊಗರಿಬೇಳೆಯೋ?

ಪ್ರಶ್ನೆ: ಮೈದುನನಿಗೆ ಟಿಬಿ ಎಂದು ಗೊತ್ತಾಗಿ ಔಷಧಿ ಶುರುವಾಗಿದೆ. ಒಂದೇ ಮನೆಯಲ್ಲಿರುವ ನಾವು ನಾಲ್ವರು ದಿನಾ ಅಮೃತಬಳ್ಳಿ, ಅರಿಶಿನದ ಕಷಾಯ ಕುಡಿದರೆ ರೋಗ ತಗಲದೇ?
— ಓದುಗರೊಬ್ಬರು, ಬೇಲಾಪುರ, ನವಿ ಮುಂಬಯಿ

ಉತ್ತರ: ಕಷಾಯವನ್ನೇ ನೆಚ್ಚಿ ಕೂರಬೇಡಿ. ಅರಿಶಿನದ ಕುರ್ಕುಮಿನ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಆದರೆ ಹೊಟ್ಟೆಗೆ ಹೋದದ್ದರಲ್ಲಿ ರಕ್ತ ಸೇರುವುದು ತೀರಾ ಕಡಿಮೆ. ವಿಟಮಿನ್ ಡಿಯ ಮೇಲೂ ಬಹಳ ಆಸೆಯಿತ್ತು. ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ಮೂರು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಹೊರಬಂತು. ವಿಟಮಿನ್ ನುಂಗಿದವರಿಗೂ ಬರೀ ಹುಸಿಗುಳಿಗೆ ನುಂಗಿದವರಿಗೂ ಸೋಂಕಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಅಮೃತಬಳ್ಳಿಯ ವಿಷಯ ನಿಮ್ಮ ಪಕ್ಕದ್ದೇ. 2020ರ ಕೊನೆಯ ತಿಂಗಳುಗಳಲ್ಲಿ, ಕೊರೋನಾ ಭಯಕ್ಕೆ ಅದನ್ನು ಸೇವಿಸಿದ್ದ ಆರು ಮಂದಿಯ ಲಿವರ್ ಕೆಟ್ಟದ್ದನ್ನು ಮುಂಬಯಿಯ ವೈದ್ಯರು ದಾಖಲಿಸಿದರು. ಬಳ್ಳಿ ಗುರುತಿಸುವುದರಲ್ಲೇ ತಪ್ಪಾಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ವಾದ ಹಾಗಿರಲಿ, ಟಿಬಿ ಗುಳಿಗೆಗಳೇ ಲಿವರಿಗೆ ಭಾರ. ಮೈದುನ ಕಷಾಯವನ್ನೂ ಕುಡಿದು ನಾಳೆ ಕಣ್ಣು ಹಳದಿಯಾದರೆ, ಕಾರಣ ಯಾವುದೆಂದು ಡಾಕ್ಟರಿಗೂ ತಿಳಿಯದು.

ನನ್ನನ್ನು ಕೇಳಿದರೆ ಭರವಸೆ ಇಡಬೇಕಾದ್ದು ದಿನಸಿ ಡಬ್ಬಿಗಳ ಮೇಲೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ತಮ್ಮ ಸಂಗಡಿಗರೊಂದಿಗೆ 2019ರಿಂದ 2022ರವರೆಗೆ ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಟಿಬಿ ರೋಗಿಗಳ ಮನೆಯ 10,345 ಮಂದಿಯನ್ನು ಗಮನಿಸಿದರು. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ, ದೊಡ್ಡವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್-ಖನಿಜದ ಗುಳಿಗೆ. ಆ ಗುಂಪಿನಲ್ಲಿ ಟಿಬಿ ಶೇ. 39ರಷ್ಟು ಕಡಿಮೆಯಾಯಿತು. ಕ್ಷಯಾಣುವನ್ನು ಸುತ್ತುವರಿದು ಕಟ್ಟಿಹಾಕುವ ಬಿಳಿ ರಕ್ತಕಣಗಳು ಮೈ ಸೊರಗಿದರೆ ತಾವೂ ಸೊರಗುತ್ತವೆ. ಅವು ಸೊರಗದಂತೆ ಬೇಳೆ-ಅನ್ನ ನೋಡಿಕೊಂಡಿರಬೇಕು.

ಅಲ್ಲಿ ಮೂವರಲ್ಲೊಬ್ಬರು ತೂಕ ಸಾಲದವರು. ಹೊಟ್ಟೆತುಂಬ ಉಣ್ಣುವ ಮನೆಯಲ್ಲಿ ಅಷ್ಟೇ ಲಾಭ ಆಗಲಿಕ್ಕಿಲ್ಲ. ಆದರೂ ಎಲ್ಲರಿಗೂ ಬಡಿಸಿ ಕೊನೆಗೆ ತಿಳಿಸಾರಿನಲ್ಲಿ ಊಟ ಮುಗಿಸುವವರು ನಿಮ್ಮಲ್ಲಿ ಯಾರು? (ನೀವೇ ಇರಬಹುದು.) ಮೊದಲು ಅವರ ತೂಕ ನೋಡಿಸಿ.

ಕಷಾಯಕ್ಕಿಂತ ಮುಂಚೆ ನಾಲ್ವರೂ ಮೈದುನ ಔಷಧಿ ತರುವ ಸರಕಾರಿ ಕೇಂದ್ರಕ್ಕೆ ಹೋಗಿ. ಟಿಬಿ ಇಲ್ಲವೆಂದು ಖಚಿತವಾದ ಮನೆಯವರಿಗೆ ಅಲ್ಲಿ ರೋಗತಡೆ ಗುಳಿಗೆ ಪುಕ್ಕಟೆ ಸಿಗುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಿಂದ ಮೈದುನನ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಬರಬೇಕು. 2024ರ ನವೆಂಬರಿಗೆ ಮುಂಚೆ ಅದು ಐನೂರಿತ್ತು. ಬಂದಿಲ್ಲವಾದರೆ ಅದೇ ಕೇಂದ್ರದಲ್ಲಿ ಕೇಳಿ.