ಬ್ಯಾಟ್ ಕೈಯಲ್ಲಿ, ಬಲ ಕಾಲಲ್ಲಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ತಂದೆಯೊಬ್ಬರು ರಾತ್ರಿ ಪಾಳಿ ಮುಗಿಸಿ ನೇರವಾಗಿ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಜೊತೆಯಲ್ಲಿ ಹದಿಮೂರು ವರ್ಷದ ಮಗಳು ಮತ್ತು ಅವಳ ಅಜ್ಜಿ. ಹುಡುಗಿ ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿದ್ದಾಳೆ. ಮೂರು ವಾರಗಳಿಂದ ಎಡ ಮಣಿಕಟ್ಟಿನಲ್ಲಿ ನೋವು. "ಆಟ ಬಿಡಿಸಿಬಿಡೋಣ ಅಂತಿದ್ದೀವಿ ಡಾಕ್ಟ್ರೇ. ನೀವೇ ಒಂದು ಮಾತು ಹೇಳಿಬಿಡಿ" ಎಂದರು ತಂದೆ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಎಕ್ಸರೇ ತೆಗೆಸಿ ನೋಡಿದೆ. ಮುರಿತವಿರಲಿಲ್ಲ. ದಿನಪತ್ರಿಕೆಯನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟು, "ಬ್ಯಾಟ್ ಹೇಗೆ ಬೀಸುತ್ತೀ, ತೋರಿಸು" ಎಂದೆ. ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ ನಿಂತವು. ಸೊಂಟ ಅಲುಗಲಿಲ್ಲ. ಎರಡು ತೋಳುಗಳು ಮಾತ್ರ ಜೋರಾಗಿ ಬೀಸಿದವು. ವಿಚಾರಿಸಿದರೆ, ಮನೆಯ ತಾರಸಿಯ ಮೇಲೆ ಅಣ್ಣನ ಕ್ರಿಕೆಟ್ ಬ್ಯಾಟಿನಲ್ಲಿ ದಿನಕ್ಕೆ ಒಂದು ಗಂಟೆ ಅಭ್ಯಾಸ ಮಾಡುತ್ತಿದ್ದಳಂತೆ. ನೋವಿನ ಮೂಲ ಅಲ್ಲೇ ಸಿಕ್ಕಿತು.

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ. ಹೆಸರಿನಲ್ಲಿ ಮೃದುತ್ವವಿದ್ದರೂ ಚೆಂಡು ಮೃದುವಲ್ಲ. ಅದರ ಸುತ್ತಳತೆ ಸುಮಾರು 30 ಸೆಂ.ಮೀ. ಮತ್ತು ತೂಕ 180 ಗ್ರಾಮಿನ ಆಸುಪಾಸು. ಕ್ರಿಕೆಟ್ ಚೆಂಡಿಗಿಂತ ಅದು ದೊಡ್ಡದು, ಭಾರವೂ ಹೆಚ್ಚು. ಹಿರಿಯ ಮಹಿಳೆಯರ ಆಟದಲ್ಲಿ ಅದನ್ನು ಸುಮಾರು 13 ಮೀಟರ್ ದೂರದಿಂದ ಎಸೆಯುತ್ತಾರೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದರೆ ಚೆಂಡು ಮುಕ್ಕಾಲು ಸೆಕೆಂಡಿನೊಳಗೆ ಆಟಗಾರ್ತಿಯನ್ನು ತಲುಪುತ್ತದೆ. ಬರೀ ತೋಳಿನಿಂದ ಅಷ್ಟು ಬೇಗ, ಅಷ್ಟು ಬಲವಾಗಿ ಹೊಡೆಯಲು ಹೋದರೆ ಮಣಿಕಟ್ಟು, ಭುಜ ಮತ್ತು ಬೆನ್ನು ದಂಡ ತೆರಬೇಕಾಗುತ್ತದೆ.

ಬಲ ಎಲ್ಲಿಂದ ಬರುತ್ತದೆ?

ನಾನು ಅಜ್ಜಿಯನ್ನು ಕೇಳಿದೆ: "ಊರಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೀತಿದ್ರಲ್ಲ ಅಜ್ಜಿ, ಹೇಗೆ ತೋರಿಸಿ." ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. ಭಾರವೆಲ್ಲ ಹಿಂಗಾಲಿಗೆ ಹೋಯಿತು, ಅಲ್ಲಿಂದ ಮುಂಗಾಲಿಗೆ ಬಂತು. ಸೊಂಟ ತಿರುಗಿತು, ಭುಜ ಹಿಂಬಾಲಿಸಿತು. ಕೈ ಬಂದಿದ್ದು ಎಲ್ಲಕ್ಕಿಂತ ಕೊನೆಗೆ. "ಬರೀ ಕೈಲಿ ಒಗೆದ್ರೆ ಎರಡು ಸೀರೆಗೇ ರಟ್ಟೆ ಬಿದ್ದುಹೋಗತ್ತೆ ಕಣಪ್ಪ" ಎಂದರು.

ಪಾಠವೆಲ್ಲ ಆ ಒಂದು ಮಾತಿನಲ್ಲಿದೆ. ತಂದೆಗೆ ಅದನ್ನೇ ಅವರ ಕೆಲಸದ ಭಾಷೆಯಲ್ಲಿ ಹೇಳಿದೆ. ಲೇತಿನಲ್ಲಿ ಮೋಟಾರಿನ ಬಲ ಬೆಲ್ಟಿನ ಮೂಲಕ ಸ್ಪಿಂಡಲ್‌ಗೆ ಹೋಗುತ್ತದೆ. ಬೆಲ್ಟ್ ಸಡಿಲವಾದರೆ ಮೋಟಾರು ಎಷ್ಟು ತಿರುಗಿದರೂ ಕೆಲಸ ಆಗುವುದಿಲ್ಲ. ದೇಹದಲ್ಲಿ ಕಾಲುಗಳೇ ಮೋಟಾರು. ಸೊಂಟ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬೆಲ್ಟ್. ಕೈ ಮತ್ತು ಬ್ಯಾಟು ತುದಿಯ ಭಾಗ. ಈ ಜೋಡಣೆ ಕಡಿದರೆ ಕೈ ಒಂಟಿಯಾಗಿ ದುಡಿಯಬೇಕಾಗುತ್ತದೆ.

"ನಮ್ಮ ವಿಶ್ವನಾಥ್ ಮಣಿಕಟ್ಟಿನಲ್ಲೇ ಹೊಡೀತಿದ್ರಲ್ಲ?" ಎಂದು ನೀವು ಕೇಳಬಹುದು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 137 ರನ್ ಹೊಡೆದವರು. ಅವರ ಮಣಿಕಟ್ಟನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಮಣಿಕಟ್ಟು ಸರಪಳಿಯ ಕೊನೆಯ ಕೊಂಡಿ. ಕಾಲು ಸರಿಯಾದ ಜಾಗಕ್ಕೆ ಹೋದ ಮೇಲೆಯೇ ಅದರ ಚಮತ್ಕಾರ.

ಮಕ್ಕಳ ಎಲುಬು ಬೇರೆ

ಮಕ್ಕಳ ಎಲುಬಿನ ತುದಿಗಳ ಬಳಿ ಮೃದ್ವಸ್ಥಿಯ ಪಟ್ಟಿಯೊಂದಿರುತ್ತದೆ. ಎಲುಬು ಉದ್ದವಾಗಿ ಬೆಳೆಯುವುದು ಅಲ್ಲಿಂದ. ಹೆಣ್ಣುಮಕ್ಕಳಲ್ಲಿ ಸುಮಾರು 14ರಿಂದ 16, ಗಂಡುಮಕ್ಕಳಲ್ಲಿ ಸುಮಾರು 16ರಿಂದ 18 ವರ್ಷದ ವೇಳೆಗೆ ಬಹುತೇಕ ಪಟ್ಟಿಗಳು ಗಟ್ಟಿಯಾಗುತ್ತವೆ. ಅಲ್ಲಿಯವರೆಗೆ ಅವು ಸುತ್ತಲಿನ ಎಲುಬಿಗಿಂತ ದುರ್ಬಲ. ದೊಡ್ಡವರಿಗೆ ಉಳುಕಾಗುವಂಥ ಪೆಟ್ಟು ಮಕ್ಕಳಲ್ಲಿ ಈ ಪಟ್ಟಿಗೇ ತಗಲಬಹುದು. ಆದ್ದರಿಂದ "ಬೆಳೆಯೋ ಮಕ್ಕಳು, ತಾನೇ ಸರಿಹೋಗತ್ತೆ" ಎಂದು ಕಡೆಗಣಿಸಬೇಡಿ.

ಹಂತ ಹಂತವಾಗಿ ಕಲಿಸಿ

ಬಲಗೈ ಆಟಗಾರರಿಗೆ ಹೀಗೆ. ಎಡಗೈಯವರು ಅದಲುಬದಲು ಮಾಡಿಕೊಳ್ಳಬೇಕು.

1. ನಿಲುವು: ಪಾದಗಳ ನಡುವೆ ಭುಜದ ಅಗಲಕ್ಕಿಂತ ತುಸು ಹೆಚ್ಚು ಅಂತರ. ಮಂಡಿ ಸ್ವಲ್ಪ ಬಾಗಿರಲಿ. ಹಿಡಿತ ಹಗುರವಾಗಿರಲಿ.

2. ತಯಾರಿ: ಭಾರ ಬಲಗಾಲಿಗೆ ಬರಲಿ. ಕೈಗಳು ಬಲಭುಜದ ಹತ್ತಿರ ಇರಲಿ.

3. ಹೆಜ್ಜೆ: ಎಡಗಾಲನ್ನು ಗೇಣುದ್ದ ಮಾತ್ರ ಮುಂದಿಟ್ಟು ಮೆಲ್ಲಗೆ ಊರಬೇಕು. ಆಗ ಕೈಗಳು ಮುಂದೆ ಓಡಬಾರದು.

4. ತಿರುವು: ಮೊದಲು ಸೊಂಟ ಚೆಂಡಿನ ಕಡೆ ತಿರುಗಬೇಕು. ಬಲ ಹಿಮ್ಮಡಿ ತಾನಾಗಿ ಮೇಲೇಳುತ್ತದೆ. ಎಡಗಾಲು ಗಟ್ಟಿಯಾಗಿ ತಡೆದು ನಿಲ್ಲಬೇಕು.

5. ಹೊಡೆತ: ಸೊಂಟದ ಹಿಂದೆ ಎದೆ, ಎದೆಯ ಹಿಂದೆ ಕೈ. ಕೈಗಳು ಮೈಗೆ ಹತ್ತಿರವೇ ಸಾಗಿ, ಚೆಂಡು ತಗಲಿದ ಮೇಲೆ ಚಾಚಿಕೊಳ್ಳಬೇಕು. ಥಟ್ಟನೆ ನಿಲ್ಲಿಸದೆ ಬೀಸನ್ನು ಪೂರ್ತಿ ಮುಗಿಸಬೇಕು.

ಮನೆಯಲ್ಲೇ ಎರಡು ಅಭ್ಯಾಸ ಮಾಡಿಸಬಹುದು. ಮಡಿಸಿದ ಕರವಸ್ತ್ರವನ್ನು ಎಡ ಕಂಕುಳಲ್ಲಿ ಇರಿಸಿ ನಿಧಾನವಾಗಿ ಬೀಸಲು ಹೇಳಿ. ಚೆಂಡು ತಗಲುವ ಜಾಗಕ್ಕೆ ಬರುವ ಮೊದಲೇ ಅದು ಕೆಳಗೆ ಬಿದ್ದರೆ, ತೋಳು ಮೈಯಿಂದ ಬೇರೆಯಾಗಿ ಓಡುತ್ತಿದೆ ಎಂದರ್ಥ. ಎರಡನೆಯದು, ಹಳೆಯ ಕಾಲುಚೀಲದಲ್ಲಿ ಚೆಂಡು ಹಾಕಿ ಸೊಂಟದ ಎತ್ತರಕ್ಕೆ ನೇತುಹಾಕಿ ಹೊಡೆಸುವುದು. ಒಮ್ಮೆಗೆ ಹತ್ತು ಬೀಸು, ನಂತರ ವಿಶ್ರಾಂತಿ. ಇಂಥ ಮೂರು ಸರದಿ ಸಾಕು. ದಣಿದ ಮಗು ಮತ್ತೆ ಬರೀ ಕೈಯಲ್ಲಿ ಬೀಸಲು ಶುರು ಮಾಡುತ್ತದೆ. ಅಲ್ಲಿಗೆ ನಿಲ್ಲಿಸಿ. ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವು ಬೇಕು. ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ದಾಟದಿರಲಿ.

ಬ್ಯಾಟನ್ನು ಅಂಗಿಯಂತೆ "ಮುಂದಕ್ಕೂ ಆಗಲಿ" ಎಂದು ದೊಡ್ಡದು ಕೊಳ್ಳಬೇಡಿ. ಮಗು ಒಂದೇ ಕೈಯಲ್ಲಿ, ಅಂದರೆ ಹಿಡಿಯ ತುದಿಯ ಕಡೆ ಇರುವ ಕೈಯಲ್ಲಿ ಅದನ್ನು ಹಿಡಿದು ಮುಂದಕ್ಕೆ ಚಾಚಲಿ. ಹತ್ತು ಎಣಿಸುವುದರೊಳಗೆ ತೋಳು ಇಳಿದರೆ ಅದು ಭಾರದ ಬ್ಯಾಟು. ಕ್ರಿಕೆಟ್ ಬ್ಯಾಟಿನಲ್ಲಿ ಸಾಫ್ಟ್‌ಬಾಲ್ ಬೀಸನ್ನು ಕಲಿಸುವುದಂತೂ ಬೇಡ. ಎರಡರ ಹಿಡಿತ, ತೂಕ, ಬೀಸು ಎಲ್ಲವೂ ಬೇರೆ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಊತವಿದ್ದರೆ, ಎಲುಬಿನ ಒಂದೇ ಜಾಗದಲ್ಲಿ ಒತ್ತಿದಾಗ ನೋವಾದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಕೈ ಜೋಮು ಹಿಡಿದರೆ ತಡಮಾಡಬೇಡಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ ನೋವಿದ್ದು ಹಿಡಿತ ಸಡಿಲವಾಗಿದ್ದರೆ ಅಲ್ಲಿನ ಪುಟ್ಟ ಎಲುಬು ಬಿರುಕು ಬಿಟ್ಟಿರಬಹುದು. ಸಾಮಾನ್ಯ ಎಕ್ಸರೇಯಲ್ಲಿ ಇದು ಕೆಲವೊಮ್ಮೆ ಕಾಣುವುದಿಲ್ಲ. ನಡು ಹಿಂದಕ್ಕೆ ಬಾಗಿಸಿದಾಗ ಹೆಚ್ಚಾಗುವ ಸೊಂಟನೋವು ಎರಡು ವಾರ ಕಳೆದರೂ ಹೋಗದಿದ್ದರೆ ಅದನ್ನೂ ಪರೀಕ್ಷಿಸಲೇಬೇಕು. ನೋವಿನ ಮಾತ್ರೆ ನುಂಗಿಸಿ ಮೈದಾನಕ್ಕೆ ಇಳಿಸುವುದು ಅಪಾಯ. ನೋವು ದೇಹ ಕೊಡುವ ಎಚ್ಚರಿಕೆ, ಅದರ ಬಾಯಿ ಮುಚ್ಚಿಸಬಾರದು.

ನಾನು ಕ್ರೀಡಾ ತರಬೇತುದಾರನಲ್ಲ. ಮೈದಾನದ ಪಾಠ ಶಾಲೆಯ ದೈಹಿಕ ಶಿಕ್ಷಕರದ್ದು. ನಾನು ಅವಳಿಗೆ ಮೂರು ವಾರ ಬ್ಯಾಟ್ ಮುಟ್ಟದಂತೆ ಹೇಳಿ, ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಟ್ಟೆ. ಆ ದಿನಗಳಲ್ಲಿ ಕೈ ಬಳಸದೆ ಹೆಜ್ಜೆ ಮತ್ತು ಸೊಂಟದ ತಿರುವನ್ನು ಮಾತ್ರ ಕಲಿತಳು. ನಂತರ ಹಗುರವಾದ ಬ್ಯಾಟು ಬಂತು, ನೋವು ಮರಳಲಿಲ್ಲ.

ಆ ದಿನ ಹೊರಡುವಾಗ ತಂದೆ ಮತ್ತೆ ಕೇಳಿದ್ದರು: "ಹೆಣ್ಣುಹುಡುಗಿ, ಇದೆಲ್ಲ ಬೇಕಾ ಡಾಕ್ಟ್ರೇ?" ಭಾರತದ ಮಹಿಳಾ ಕ್ರಿಕೆಟ್ ತಂಡ 1976ರಲ್ಲಿ ತನ್ನ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲೇ, ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಎಂದು ಅವರಿಗೆ ನೆನಪಿಸಿದೆ. ಓಡಿ ಆಡುವ ವಯಸ್ಸಿನಲ್ಲೇ ಎಲುಬು ಗಟ್ಟಿಯಾಗುವುದು. ನೋವು ಬಂದಾಗ ಆಟವನ್ನು ಬಿಡಿಸುವ ಮೊದಲು ಬೀಸನ್ನು ತಿದ್ದಿ ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ, ಬಟ್ಟೆ ಒಗೆಯುವುದನ್ನು ಒಮ್ಮೆ ತೋರಿಸಲು ಹೇಳಿ.