ಹಳೆಯ ಟವೆಲ್ಲೂ ಮನೆಯ ಆಸ್ತಿಯೇ

ಮನೆಖರ್ಚು ಬರೆದಿಡುವ ಅಭ್ಯಾಸ ಇರುವವರು ನಿಮ್ಮ ಲೆಕ್ಕದ ಪುಸ್ತಕದಲ್ಲಿ ‘ಟವೆಲ್’ ಎಂದು ಎಷ್ಟು ಸಲ ಬರೆದಿದ್ದೀರಿ ನೋಡಿ. ಅಪರೂಪಕ್ಕೆ ಒಂದೋ ಎರಡೋ ಕಡೆ ಸಿಕ್ಕೀತು. ಆದರೆ ಕೈ ಒರೆಸುವ ಬಟ್ಟೆ, ನೆಲ ಒರೆಸುವ ಬಟ್ಟೆ, ಕಾಲೊರೆಸು ಇವೆಲ್ಲ ದಿನಸಿ ಚೀಟಿಯ ಕೊನೆಯಲ್ಲಿ ವರ್ಷವಿಡೀ ಅಲ್ಲೊಂದು ಇಲ್ಲೊಂದು ಇಣುಕುತ್ತಲೇ ಇರುತ್ತವೆ. ನಮ್ಮ ಮನೆಯ ಇಂಥ ಖರ್ಚನ್ನೆಲ್ಲ ಒಂದೇ ಹಾಳೆಗೆ ತಂದು ಕೂಡಿದಾಗ ನನಗೆ ಮನದಟ್ಟಾದದ್ದು ಇಷ್ಟು: ಟವೆಲ್ ಬಾಳಿಕೆ ಬಂದರೆ ಒಂದು ಉಳಿತಾಯ, ಅದು ಹಳತಾದ ಮೇಲೂ ದುಡಿದರೆ ಇನ್ನೊಂದು ಉಳಿತಾಯ. ಎರಡನೆಯದೇ ದೊಡ್ಡದು.

ಲೆಕ್ಕ ಹೀಗಿದೆ. ನಾಲ್ಕು ಜನರಿಗೆ ತಲಾ ಎರಡರಂತೆ ಎಂಟು ಟವೆಲ್. ಒಂದಕ್ಕೆ 450 ರೂಪಾಯಿ ಎಂದರೆ 3,600. ಎರಡು ವರ್ಷಕ್ಕೆ ಬದಲಾಯಿಸಿದರೆ ವರ್ಷಕ್ಕೆ 1,800 ಬೀಳುತ್ತದೆ, ನಾಲ್ಕು ವರ್ಷ ಬಾಳಿಸಿದರೆ 900. ಇಲ್ಲಿ ಉಳಿದದ್ದು 900. ಇನ್ನು ಅಂಗಡಿಯಿಂದ ತರುವ ಬಟ್ಟೆಗಳು: ನೆಲ ಒರೆಸಲು ಎರಡು ತಿಂಗಳಿಗೊಂದು, 60 ರೂಪಾಯಿಯಂತೆ ವರ್ಷಕ್ಕೆ 360, ನಾಲ್ಕು ಕಾಲೊರೆಸಿಗೆ 600, ಅಡುಗೆಮನೆಯ ಬಟ್ಟೆಗೆ 400. ಒಟ್ಟು 1,360. ಹಳೆಯ ಟವೆಲ್ಲು ಈ ಕೆಲಸವನ್ನೆಲ್ಲ ವಹಿಸಿಕೊಂಡರೆ, ಮೊದಲಿನ 900 ಸೇರಿ ವರ್ಷಕ್ಕೆ 2,260 ರೂಪಾಯಿ ಕೈಯಲ್ಲೇ ಉಳಿಯುತ್ತದೆ. ನಿಮ್ಮ ಊರಿನ ಬೆಲೆ ಹಾಕಿ ಲೆಕ್ಕ ಮಾಡಿ, ಅಂಕಿ ಸ್ವಲ್ಪ ಆಚೀಚೆ ಆದೀತು, ಅಷ್ಟೆ.

ಮೊದಲು ಕೊಳ್ಳುವ ಮಾತು. ಟರ್ಕಿ ಟವೆಲ್‌ನ ಚೀಟಿಯಲ್ಲಿ ‘ಜಿಎಸ್ಎಂ’ ಎಂಬ ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಅಳತೆ ಅದು. 75 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಟವೆಲ್ 400 ಜಿಎಸ್ಎಂ ಆದರೆ ಸುಮಾರು 450 ಗ್ರಾಂ, 600 ಆದರೆ 675 ಗ್ರಾಂ ತೂಗುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ನಾನು ಹೇಳುವುದು, ಒಣಹಾಕುವ ಜಾಗ ನೋಡಿ ಟವೆಲ್ ಕೊಳ್ಳಿ ಎಂದು. ತಾರಸಿಯಲ್ಲಿ ಬಿಸಿಲು ಗಾಳಿ ಎರಡೂ ಇದ್ದರೆ ದಪ್ಪನೆಯದು ಸರಿ. ಫ್ಲಾಟಿನ ಬಾಲ್ಕನಿಯಲ್ಲಿ ಅದು ಸಂಜೆಯಾದರೂ ಹಸಿಯಾಗೇ ಇರುತ್ತದೆ, ಆ ಹಸಿಯಲ್ಲೇ ಸೂಕ್ಷ್ಮಾಣು ಬೆಳೆದು ಮುಗ್ಗಲು ವಾಸನೆ ಹಿಡಿಯುತ್ತದೆ. ಗಟ್ಟಿಯಾಗಿದ್ದರೂ ಎಷ್ಟೋ ಟವೆಲ್ಲುಗಳು ಮೂಲೆ ಸೇರುವುದು ಈ ವಾಸನೆಯಿಂದಲೇ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕ ಮಳೆಗಾಲಕ್ಕೆ ತೆಳ್ಳನೆಯ ಹತ್ತಿ ಟವೆಲ್‌ಗಳನ್ನೇ ಬಳಸುತ್ತಾಳೆ. “ಬಚ್ಚಲೊಲೆ ಬಿಸಿಗೆ ಇದಾದರೆ ಬೆಳಗಾಗೋದ್ರಲ್ಲಿ ಒಣಗ್ತದೆ ಕಣೇ, ನಿನ್ನ ದಪ್ಪ ಟವೆಲ್ ಮೂರು ದಿನ ಆದ್ರೂ ಒಣಗಲ್ಲ” ಎನ್ನುತ್ತಾಳೆ. ಆ ಊರಿಗೆ ಅವಳ ಮಾತೇ ಸರಿ.

ತುಮಕೂರಿನ ನಮ್ಮ ಮನೆಯ ಪಾಡು ಬೇರೆ. ಬಿಸಿಲಿಗೆ ಬರವಿಲ್ಲ, ಬೋರ್‌ವೆಲ್ ನೀರು ಮಾತ್ರ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ನೀರಲ್ಲಿ ಕರಗದ ಜಿಗುಟಾಗುತ್ತವೆ. ಅದು ನೂಲಿಗೆ ಅಂಟಿಕೊಂಡರೆ ಟವೆಲ್ ಹಪ್ಪಳದಂತೆ ಬಿರುಸಾಗುತ್ತದೆ. ಪುಡಿ ಹೆಚ್ಚು ಹಾಕಿದರೆ ಮೆತ್ತಗಾದೀತು ಎಂದುಕೊಳ್ಳಬೇಡಿ. ಅಳತೆ ಮೀರಿ ಹಾಕಿದ ಪುಡಿ ಪೂರ್ತಿ ಜಾಲಿಸಿ ಹೋಗದೆ ನೂಲಿನಲ್ಲೇ ಉಳಿಯುತ್ತದೆ. ಪುಡಿ ಅಳೆದು ಹಾಕಿ, ಇನ್ನೊಂದು ನೀರಿನಲ್ಲಿ ಜಾಲಿಸಿ. ಆಗೊಮ್ಮೆ ಈಗೊಮ್ಮೆ ಕೊನೆಯ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅದ್ದಿ ತೆಗೆದರೆ ಕೂತ ಗಡಸು ಬಿಡುತ್ತದೆ. ಬ್ಲೀಚ್ ಜೊತೆ ಮಾತ್ರ ವಿನೆಗರ್ ಎಂದೂ ಬೆರೆಸಬೇಡಿ, ವಿಷಗಾಳಿ ಹುಟ್ಟುತ್ತದೆ. ಬ್ಲೀಚ್ ಹತ್ತಿಯ ನೂಲನ್ನೂ ಸವೆಸುವುದರಿಂದ ಟವೆಲ್‌ಗೆ ಅದು ಬೇಡವೇ ಬೇಡ. ಬಟ್ಟೆ ಮೃದುವಾಗಲೆಂದು ಹಾಕುವ ಸುವಾಸನೆಯ ಕಂಡಿಷನರ್ ಕೂಡ ಟವೆಲ್‌ಗೆ ಹೊಂದದು. ಅದು ನೂಲಿನ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಮುಟ್ಟಿದರೆ ಮೆತ್ತಗಿರುತ್ತದೆ, ಮೈಯ ನೀರು ಹೀರುವುದಿಲ್ಲ.

ಒಗೆದ ಟವೆಲ್ ತಂತಿಗೆ ಹಾಕುವ ಮೊದಲು ಎರಡು ಕೈಯಲ್ಲಿ ಹಿಡಿದು ನಾಲ್ಕು ಸಲ ಜೋರಾಗಿ ಜಾಡಿಸಿ. ಹಿಂಡಿದಾಗ ಅಮುಕಿಕೊಂಡ ಕುಣಿಕೆಗಳೆಲ್ಲ ಎದ್ದು ನಿಲ್ಲುತ್ತವೆ, ಬೇಗ ಒಣಗುತ್ತದೆ, ಒರಟೂ ಆಗುವುದಿಲ್ಲ. ಜಿಪ್, ಕೊಕ್ಕೆ ಇರುವ ಬಟ್ಟೆಗಳ ಜೊತೆ ಮೆಷಿನ್‌ಗೆ ಹಾಕಬೇಡಿ. ಎಲ್ಲಾದರೂ ಒಂದು ಕುಣಿಕೆ ಎಳೆದುಕೊಂಡು ಜೋತುಬಿದ್ದರೆ ಕೀಳಬೇಡಿ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಸಾಲೇ ಬಿಟ್ಟುಕೊಂಡು ಬರುತ್ತದೆ, ಕತ್ತರಿಸಿದರೆ ಏನೂ ಆಗದು.

ಹೊಸ ಟವೆಲ್‌ನ ಆಯಸ್ಸು ಉಳಿಸುವ ಇನ್ನೊಂದು ದಾರಿ, ಅದಕ್ಕೆ ಎಲ್ಲ ಕೆಲಸವನ್ನೂ ಹೊರಿಸದಿರುವುದು. ಎಣ್ಣೆಸ್ನಾನ, ಅರಿಶಿನ, ತಲೆಗೆ ಹಚ್ಚುವ ಬಣ್ಣ ಈ ಮೂರಕ್ಕೂ ಹಳೆಯ ಟವೆಲ್ ಬೇರೆಯೇ ಇರಲಿ. ಸೀಗೆಕಾಯಿ ಎಷ್ಟು ಉಜ್ಜಿದರೂ ತಲೆಯಲ್ಲಿ ಸ್ವಲ್ಪ ಹರಳೆಣ್ಣೆ ಉಳಿದೇ ಇರುತ್ತದೆ, ಅದು ನೂಲಿಗೆ ಇಳಿದರೆ ಜಿಡ್ಡು ಕಮಟು ನಾರುತ್ತದೆ. ನಮ್ಮಲ್ಲಿ ಮೈ ಒರೆಸುವ ಕೆಲಸದಿಂದ ನಿವೃತ್ತಿಯಾದ ಟವೆಲ್‌ಗೆ ಸಿಗುವ ಮೊದಲ ಕೆಲಸವೇ ಎಣ್ಣೆಸ್ನಾನದ್ದು. ಅದನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆಯುತ್ತೇವೆ.

ಅಲ್ಲಿಂದ ಮುಂದೆ ಕತ್ತರಿಯ ಕೆಲಸ. ಕತ್ತರಿಸುವ ಮೊದಲು ಟವೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಕುಣಿಕೆಗಳೆಲ್ಲ ಸವೆದು ಬಟ್ಟೆ ಜರಡಿಯಂತೆ ಕಾಣುತ್ತದೆ, ಬೆಳಕು ತೂರಿಬರುತ್ತದೆ. ಎರಡು ತುದಿಗಳು ಮಾತ್ರ ಇನ್ನೂ ದಟ್ಟವಾಗಿರುತ್ತವೆ. ಬೆನ್ನಿಗೆ ಉಜ್ಜುವುದು ನಡುಭಾಗವನ್ನೇ ಅಲ್ಲವೇ? ಆ ದಟ್ಟ ತುದಿಗಳನ್ನು ಒಂದೊಂದು ಗೇಣು ಕತ್ತರಿಸಿದರೆ ಕೈ ಒರೆಸುವ ಬಟ್ಟೆ, ಮಸಿಬಟ್ಟೆ. ಕತ್ತರಿಸಿದ ಅಂಚನ್ನು ಎರಡು ಮಡಿಕೆ ಮಡಿಸಿ ಹೊಲಿಯಿರಿ, ಇಲ್ಲದಿದ್ದರೆ ಎಳೆ ಉದುರಿ ಸಿಂಕಿನ ಜಾಲರಿ ಕಟ್ಟಿಕೊಳ್ಳುತ್ತದೆ. ತೆಳುವಾದ ನಡುಭಾಗ ನೆಲ ಒರೆಸಲು ಹೇಳಿಮಾಡಿಸಿದಂತಿರುತ್ತದೆ: ನೀರು ಹೀರುತ್ತದೆ, ಸುಲಭವಾಗಿ ಹಿಂಡಬಹುದು, ಬೇಗ ಒಣಗುತ್ತದೆ. ಅದೂ ಮೂರು ನಾಲ್ಕು ಸೇರಿದಾಗ ಒಂದರ ಮೇಲೊಂದು ಇಟ್ಟು, ಉತ್ತರ ಕರ್ನಾಟಕದ ಕೌದಿಗೆ ಹಾಕುವ ಹಾಗೆ ದಪ್ಪ ದಾರದಲ್ಲಿ ಸಾಲುಸಾಲಾಗಿ ಓಟದ ಹೊಲಿಗೆ ಹಾಕಿದರೆ ಬಚ್ಚಲ ಬಾಗಿಲಿಗೆ ಕಾಲೊರೆಸು ಸಿದ್ಧ.

ಮಸಿಬಟ್ಟೆಯ ವಿಷಯದಲ್ಲಿ ಒಂದು ಎಚ್ಚರ. ಒಲೆಯ ಹತ್ತಿರ ಬಳಸುವ ಬಟ್ಟೆ ಅಪ್ಪಟ ಹತ್ತಿಯದಾಗಿರಲೇಬೇಕು. ಅನುಮಾನ ಬಂದರೆ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಚಿಮುಟದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗುವ ಬಟ್ಟೆ ಕೈಗೆ ಅಂಟಿ ಸುಡುತ್ತದೆ, ಅದು ನೆಲಕ್ಕೇ ಹೋಗಲಿ. ಹತ್ತಿಯದಾದರೂ ಒದ್ದೆಯಾಗಿದ್ದರೆ ಬಿಸಿ ಪಾತ್ರೆ ಹಿಡಿಯಬೇಡಿ, ನೀರಿನ ಮೂಲಕ ಬಿಸಿ ತಕ್ಷಣ ಕೈಗೆ ಬರುತ್ತದೆ.

ಈ ವ್ಯವಸ್ಥೆ ಮನೆಮಂದಿಗೆಲ್ಲ ಒಪ್ಪಿಗೆಯಾಗಬೇಕಾದರೆ ಒಂದು ಕಟ್ಟುನಿಟ್ಟು ಬೇಕು: ಕೆಳಗಿಳಿದ ಬಟ್ಟೆ ಮತ್ತೆ ಮೇಲೇರಬಾರದು. ನೆಲಕ್ಕೆ ಹೋದದ್ದು ಅಡುಗೆಮನೆಗೆ ಬರಬಾರದು. ನಾನು ಮೂಲೆಯಲ್ಲಿ ದಾರದ ಗುರುತು ಹಾಕುತ್ತೇನೆ. ಹಸಿರು ಅಡುಗೆಮನೆಗೆ, ಕೆಂಪು ನೆಲಕ್ಕೆ. ಕೆಲಸಕ್ಕೆ ಬರುವ ಅಕ್ಕನಿಗೂ ಮಕ್ಕಳಿಗೂ ಗೊಂದಲವಿಲ್ಲ. ಇನ್ನೊಂದು ಮಾತು: ‘ಮುಂದೆಂದಾದರೂ ಬೇಕಾದೀತು’ ಎಂದು ಕಪಾಟಿನಲ್ಲಿ ಚಿಂದಿ ಗುಡ್ಡೆ ಹಾಕುವುದು ಉಳಿತಾಯವಲ್ಲ. ಬೇಕಾದಷ್ಟು ಇಟ್ಟುಕೊಂಡು, ಹೆಚ್ಚಾದದ್ದನ್ನು ಒಗೆದು ಗ್ಯಾರೇಜಿಗೋ ನಾಯಿ, ಬೆಕ್ಕು ಸಾಕುವ ಆಶ್ರಯಗಳಿಗೋ ಕೊಡಿ.

ಕೊನೆಗೆ ದುಡ್ಡಿನ ಮಾತು. ಖರ್ಚಾಗದೆ ಉಳಿದ 2,260 ರೂಪಾಯಿ ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ಬೇರೆ ಯಾವುದೋ ಚೀಟಿಯಲ್ಲಿ ಕರಗಿಹೋಗುತ್ತದೆ. ಅದಕ್ಕೊಂದು ಜಾಗ ಮಾಡಿಕೊಡಬೇಕು. ತಿಂಗಳಿಗೆ ಭಾಗಿಸಿದರೆ ಸುಮಾರು 188 ರೂಪಾಯಿ. ಅಂಚೆ ಕಚೇರಿಯ ಆರ್‌ಡಿ ಖಾತೆ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಮೇಲೆ ಹತ್ತರ ಲೆಕ್ಕದಲ್ಲಿ ಎಷ್ಟಾದರೂ ಕಟ್ಟಬಹುದು, ಅವಧಿ 5 ವರ್ಷ. 180 ರೂಪಾಯಿಯಂತೆ ಕಟ್ಟಿದರೆ ಅಸಲೇ 10,800, ಬಡ್ಡಿ ಅದರ ಮೇಲೆ. ಮುಂದಿನ ಎಂಟು ಟವೆಲ್‌ಗಳನ್ನು ಆ ಹಣದಲ್ಲೇ ಕೊಂಡರೂ ಏಳು ಸಾವಿರಕ್ಕೂ ಹೆಚ್ಚು ಮನೆಯಲ್ಲೇ ಇರುತ್ತದೆ.