ಮನೆ ಪತ್ರ ಅಡವಿಡುವ ಮುನ್ನ

ಪುಟ್ಟಿ, ಎಂಬಿಎ ಮಾರ್ಕೆಟಿಂಗ್‌ಗೆಂದು ನೀನು ಕಳಿಸಿದ ಎರಡೂ ಕಾಲೇಜುಗಳ ಪುಸ್ತಿಕೆ ಓದಿದೆ. ಎರಡರ ಮುಖಪುಟದಲ್ಲೂ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟೆಂದು ದಪ್ಪಕ್ಷರದಲ್ಲಿದೆ. ಅದು ಸಿಕ್ಕಿದ್ದು ಒಂದೊಂದರಲ್ಲೂ ಒಬ್ಬ ಹುಡುಗನಿಗೆ. ಅವನ ಜೊತೆ ಓದಿದವರು ಏನಾದರೆಂದು ಒಂದು ಪುಟದಲ್ಲೂ ಇಲ್ಲ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ತಲೆಗೂದಲು ನರೆಸಿಕೊಂಡವನು ನಾನು. ಅಂಥ ಒಬ್ಬ ಹುಡುಗನ ಸಂಬಳ ನಂಬಿ ಸಾಲ ಕೇಳಲು ಬಂದ ಅಪ್ಪಂದಿರು ಅದೆಷ್ಟೋ. ಸೋದರಮಾವನೆಂಬ ಸಲುಗೆಯಿಂದ ಎರಡು ಮಾತು ಹೇಳುತ್ತೇನೆ, ಬೇಜಾರಾದರೂ ಪೂರ್ತಿ ಓದು.

ಮೊದಲು ಸಾಲದ ಲೆಕ್ಕ. ನೀನು ಕೇಳುತ್ತಿರುವುದು 10 ಲಕ್ಷ. ಬಡ್ಡಿ ಶೇ 10 ಎಂದಿಟ್ಟುಕೊ. ಮೊದಲ ವರ್ಷ 5 ಲಕ್ಷ, ಎರಡನೇ ವರ್ಷ 5 ಲಕ್ಷ ಬಿಡುಗಡೆಯಾಗುತ್ತದೆ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಸರಳ ಬಡ್ಡಿಯೇ ಆದರೂ ಅಷ್ಟರಲ್ಲಿ ಎರಡೂವರೆ ಲಕ್ಷವಾಗಿ ಅಸಲಿಗೆ ಸೇರಿಕೊಳ್ಳುತ್ತದೆ. ಹನ್ನೆರಡೂವರೆ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 16,500 ರೂಪಾಯಿ. ಕೊನೆಯ ಕಂತು ಮುಗಿಯುವಾಗ ನೀನು ಕಟ್ಟಿದ್ದು ಒಟ್ಟು 19.8 ಲಕ್ಷ. ಓದುವಾಗಲೇ ಶುರುಮಾಡಿ ಈ ಮೂರು ವರ್ಷವೂ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಬಂದರೆ ಕಂತು 13,200ಕ್ಕೆ ಇಳಿಯುತ್ತದೆ, ಹಾಗೆ ಕಟ್ಟುವವರಿಗೆ ಬಡ್ಡಿ ದರದಲ್ಲೂ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ, ನೀನೇ ಕೇಳಬೇಕು.

ಇನ್ನು ಸಂಬಳ. ಆಫರ್ ಲೆಟರಿನಲ್ಲಿ ವರ್ಷಕ್ಕೆ 6 ಲಕ್ಷ ಎಂದಿದ್ದರೆ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 50,000 ಎಂದು ಊರಿಗೆಲ್ಲ ಹೇಳುತ್ತೇವೆ. ಅದು ಸಿಟಿಸಿ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಆರೋಗ್ಯ ವಿಮೆ ಎಲ್ಲವೂ ಅದರೊಳಗೇ. ನಿನ್ನ ಲೈನಿನಲ್ಲಿ ವೇರಿಯಬಲ್ ಅಂತ ಇನ್ನೊಂದಿರುತ್ತದೆ, ಟಾರ್ಗೆಟ್ ಮುಟ್ಟಿದರಷ್ಟೇ ಬರುವ ದುಡ್ಡು. ಅದು 1 ಲಕ್ಷವಿದ್ದರೆ ಎಲ್ಲ ಕಳೆದು ಕೈಗೆ ಸಿಗುವುದು 36,000ದ ಆಸುಪಾಸು. ಕಂತು ಹೋದರೆ 19,500. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಬಸ್ಸು, ಮೊಬೈಲು, ಹಬ್ಬಕ್ಕೆ ಊರಿಗೆ ಬರುವ ಟಿಕೆಟ್ಟು ಎಲ್ಲ ಅದರಲ್ಲೇ. ಬದುಕಬಹುದು, ಇಲ್ಲವೆನ್ನುವುದಿಲ್ಲ. ನನ್ನ ಚಿಂತೆ ಅದಲ್ಲ.

ಮಾರ್ಕೆಟಿಂಗ್ ಎಂದರೆ ಜಾಹೀರಾತು, ಬ್ರ್ಯಾಂಡು, ಇನ್‌ಸ್ಟಾಗ್ರಾಮ್ ಎಂದು ನಿನ್ನ ಮನಸ್ಸಿನಲ್ಲಿದೆ. ಸಾಧಾರಣ ಕಾಲೇಜಿನಿಂದ ಬಂದವರ ಮೊದಲ ಕೆಲಸ ಬಹುಪಾಲು ಸೇಲ್ಸ್. ಸೋಪೋ ಬಿಸ್ಕತ್ತೋ ಮಾರುವ ಕಂಪನಿಯಾದರೆ ಬೆಳಗ್ಗೆ ಡಿಸ್ಟ್ರಿಬ್ಯೂಟರನ ಗೋಡೌನು, ಆಮೇಲೆ ಆ ದಿನದ ಬೀಟಿನ ಅಂಗಡಿಗಳು, ತಿಂಗಳ ಕೊನೆಗೆ ಸ್ಟಾಕ್ ಎತ್ತಿಸಿ ಎಂದು ಗೋಗರೆಯುವುದು. ಇದನ್ನು ಕೀಳೆಂದು ನಾನು ಹೇಳುತ್ತಿಲ್ಲ. ಅಂಗಡಿಯವನು ಯಾವ ಸೋಪನ್ನು ಕಣ್ಣೆದುರಿಗೆ ಇಡುತ್ತಾನೆ, ಯಾವುದನ್ನು ಮೂಲೆಗೆ ತಳ್ಳುತ್ತಾನೆ, ಯಾಕೆ ಎಂಬುದು ತಿಳಿಯುವುದು ಅಲ್ಲೇ. ಆದರೆ ಈ ಲೈನಿನಲ್ಲಿ ಸಂಬಳ ಜಿಗಿಯುವುದು ಕೆಲಸ ಬದಲಿಸಿದಾಗ. ಎರಡು ಮೂರು ವರ್ಷ ಕಲಿತು, ಒಳ್ಳೆಯ ಕಡೆ ಸ್ವಲ್ಪ ಕಡಿಮೆ ಸಂಬಳಕ್ಕಾದರೂ ಸೇರಿ, ಅಲ್ಲಿಂದ ಮೇಲೇಳಬೇಕು. ಕಂತು ಇದ್ದವರಿಗೆ ಆ ಕಡಿಮೆ ಸಂಬಳದ ತಿಂಗಳುಗಳನ್ನು ತಾಳಿಕೊಳ್ಳಲು ಆಗುವುದಿಲ್ಲ. ಸುಳ್ಳು ಹೇಳಿಯಾದರೂ ವಿಮಾ ಪಾಲಿಸಿ ಮಾರು ಎನ್ನುವ ಮ್ಯಾನೇಜರ್ ಗಂಟುಬಿದ್ದರೂ, ಕಂತು ಕಟ್ಟಬೇಕಾದ 5ನೇ ತಾರೀಖು ನೆನಪಾಗಿ ರಾಜೀನಾಮೆ ಪತ್ರ ಡ್ರಾಫ್ಟಿನಲ್ಲೇ ಉಳಿಯುತ್ತದೆ. ನನ್ನ ಹೆದರಿಕೆ ಇದು.

ಹಾಗಾಗಿ ನನ್ನ ಅಳತೆ ಇಷ್ಟೇ: ಕಂತು ಮೊದಲ ಸಂಬಳದ ಕಾಲು ಭಾಗ ಮೀರಬಾರದು. 36,000ಕ್ಕೆ 9,000. ಅದನ್ನೇ ಹಿಂದಕ್ಕೆ ಲೆಕ್ಕ ಹಾಕಿದರೆ ನೀನು ಎತ್ತಬಹುದಾದ ಸಾಲ ಐದೂವರೆ ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಬ್ಯಾಂಕು ಅಡಮಾನ ಕೇಳುವುದಿಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಸಾಕು. 10 ಲಕ್ಷವೆಂದರೆ ಮನೆ ಪತ್ರದ ಮಾತು ಬರುತ್ತದೆ.

ಇದಕ್ಕೊಂದು ಅಪವಾದವಿದೆ: 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ, ಬಡ್ಡಿಯಲ್ಲಿ ಶೇ 3 ಸಹಾಯಧನವೂ ಉಂಟು. ಆದರೆ ಕಾಲೇಜು ಸರ್ಕಾರದ ಪಟ್ಟಿಯಲ್ಲಿರಬೇಕು, ಸೀಟು ಮೆರಿಟ್ಟಿನಲ್ಲಿ ಸಿಕ್ಕಿರಬೇಕು. ಸಾಲ ಮಾಡಿದರೆ ತೆರಿಗೆ ಉಳಿಯುತ್ತದೆ ಎಂದು ಸಾಲದ ಏಜೆಂಟ್ ಹೇಳಿದನಂತಲ್ಲ, ಅದನ್ನು ಮರೆತುಬಿಡು. ಶಿಕ್ಷಣ ಸಾಲದ ಬಡ್ಡಿಗೆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಬಾರದ ತೆರಿಗೆಯಲ್ಲಿ ಉಳಿಸುವುದೇನು?

ಸಾಲ ಐದು ಲಕ್ಷಕ್ಕಿಳಿಸಿದರೆ ಕಾಲೇಜು ಯಾವುದು ಎಂದು ಕೇಳುತ್ತೀಯ. ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆ. ಮಾನಸಗಂಗೋತ್ರಿಯ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆ ಎರಡೂ ವಿಶ್ವವಿದ್ಯಾಲಯದವೇ. ಅಂಥ ಕಡೆ ಸರ್ಕಾರಿ ಸೀಟಿನ ಶುಲ್ಕಕ್ಕೂ ನಿನ್ನ ಪುಸ್ತಿಕೆಯವರು ಕೇಳುವುದಕ್ಕೂ ಅಜಗಜಾಂತರ. ಇಲ್ಲವಾದರೆ ಬಿಕಾಂ ಮೇಲೆಯೇ ಎರಡು ವರ್ಷ ಸೇಲ್ಸಿನಲ್ಲಿ ದುಡಿದು ಆಮೇಲೆ ಓದು. ಒಳ್ಳೆಯ ಸಂಸ್ಥೆಗಳ ಸಂದರ್ಶನದಲ್ಲಿ ಆ ಅನುಭವಕ್ಕೆ ಬೆಲೆಯುಂಟು. ಐಐಎಂನಲ್ಲೇ ಸೀಟು ಸಿಕ್ಕರೆ ನನ್ನ ಅಳತೆಯನ್ನು ಪಕ್ಕಕ್ಕಿಡು. ಬೆಂಗಳೂರಿನದರಲ್ಲಿ ಶುಲ್ಕ 20 ಲಕ್ಷ ದಾಟಿದೆ ನಿಜ, ಅಲ್ಲಿಂದ ಹೊರಬೀಳುವವರ ಸಂಬಳದ ಲೆಕ್ಕವೂ ಬೇರೆ.

ಈ ವಾರ ಒಂದು ಕೆಲಸ ಮಾಡು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಕೊಟ್ಟ ವಿವರದಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು ಎಂದಿರುತ್ತದೆ. ಸಂಬಳದ ಏರಿಕೆಯ ಕ್ರಮದಲ್ಲಿ ಕೆಲಸ ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ ಅದು. ನೀನೂ ಅಲ್ಲೇ ನಿಲ್ಲುತ್ತೀ ಎಂದುಕೊಂಡು ಲೆಕ್ಕ ಹಾಕು. ಎರಡು ಕಾಲೇಜುಗಳ ಹೆಸರೂ ಅಲ್ಲಿಲ್ಲದಿದ್ದರೆ ಪ್ಲೇಸ್‌ಮೆಂಟ್ ಆಫೀಸಿಗೆ ಫೋನ್ ಮಾಡಿ ಇದೇ ಮೂರು ಪ್ರಶ್ನೆ ಕೇಳು. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದರೆ, ಯಾವ ನೂರು ಎಂದೂ ಕೇಳು: ಸೇರಿದವರೆಲ್ಲರೋ, ಅಥವಾ ಪ್ಲೇಸ್‌ಮೆಂಟಿಗೆ ಅರ್ಹರೆಂದು ಅವರೇ ಆರಿಸಿಕೊಂಡವರೋ. ಉತ್ತರ ಬರೆದುಕೊಂಡು ಭಾನುವಾರ ಮನೆಗೆ ಬಾ, ಅತ್ತೆ ಊಟಕ್ಕೆ ಕಾಯುತ್ತಿರುತ್ತಾಳೆ. ಅರ್ಜಿಗೆ ನಿಮ್ಮಪ್ಪ ಸಹಿ ಹಾಕುವುದು ಅದಾದ ಮೇಲೆಯೇ ಇರಲಿ.